ಪ್ರಶ್ನೆಪತ್ರಿಕೆಯ ಗೋಧಿ

ದೆಹಲಿಯಲ್ಲಿ ನನ್ನ ಮೊದಲ ಬೆಳಗ್ಗೆ ಹಾಲು ತರಲೆಂದು ಮೂರನೇ ಮಹಡಿಯಿಂದ ಇಳಿದರೆ, ಕೊನೆಯ ಮೆಟ್ಟಿಲಿಗೆ ಅಡ್ಡವಾಗಿ ಒಂದು ಎಮ್ಮೆ ನಿಂತಿತ್ತು. ತಲೆಯ ಮೇಲೆ ನಾಲ್ಕು ಅಂತಸ್ತಿನ ಕಟ್ಟಡ, ತಾರಸಿಯಲ್ಲಿ ಡಿಶ್ ಆಂಟೆನಾ, ರಸ್ತೆಯಾಚೆ ಹೆಸರಾಂತ ವಿಶ್ವವಿದ್ಯಾಲಯದ ಗೋಡೆ, ಇಷ್ಟರ ನಡುವೆ ಎಮ್ಮೆ. ನಮ್ಮ ರಾಣೆಬೆನ್ನೂರಿನಲ್ಲಿ ಎಮ್ಮೆಗೆ ‘ಹೈ’ ಅಂದರೆ ಸರಿಯುತ್ತದೆ. ನಾನು ಮೂರು ಸಲ ಹೈ ಅಂದೆ. ಅದು ಮೆಲುಕು ಹಾಕುತ್ತಾ ನನ್ನ ಮುಖ ನೋಡಿತು. ಅಷ್ಟರಲ್ಲಿ ಮೇಲಿನಿಂದ ಯಾರೋ “ಹಟ್, ಭೂರೀ!” ಎಂದು ಕೂಗಿದ್ದೇ ತಡ, ಸೊಂಟ ತಿರುಗಿಸಿ ದಾರಿ ಬಿಟ್ಟಿತು. ದಕ್ಷಿಣ ದೆಹಲಿಯಲ್ಲಿ ಬದುಕಬೇಕಾದರೆ ಎಮ್ಮೆಯ ಜೊತೆಗೂ ಹಿಂದಿಯಲ್ಲೇ ಮಾತಾಡಬೇಕು ಎಂಬ ಮೊದಲ ಪಾಠ ಹಾಗೆ ಆಯಿತು.

ಈ ಜಾಗದ ಹೆಸರು ಮುನಿರ್ಕಾ. ಹಳ್ಳಿಯನ್ನು ನಗರ ನುಂಗಿದೆ, ಆದರೆ ಅರಗಿಸಿಕೊಂಡಿಲ್ಲ. ಇಲ್ಲಿನ ಜಾಟ್ ರೈತರ ಹೊಲಗಳೆಲ್ಲ ಎಂದೋ ಕಾಲೊನಿಗಳಾಗಿ, ಕ್ಯಾಂಪಸ್‌ಗಳಾಗಿ ಹೋಗಿವೆ. ಉಳಿದ ಮನೆಜಾಗದಲ್ಲಿ ಅವರು ಕೋಣೆಯ ಮೇಲೆ ಕೋಣೆ ಕಟ್ಟಿ ನಮ್ಮಂಥ ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ನಾನು ಇಂಗ್ಲಿಷ್ ಎಂ.ಎ. ಮುಗಿಸಿ ಸಂಶೋಧನೆಗೆ ಬಂದವಳು. ನನ್ನ ಕಿಟಕಿಯಿಂದ ಕೈ ಚಾಚಿದರೆ ಎದುರು ಮನೆಯವರ ಒಣಹಾಕಿದ ಬಟ್ಟೆ ಸಿಗುತ್ತದೆ. ಆಕಾಶ ನೋಡಬೇಕೆಂದರೆ ತಾರಸಿಗೇ ಹೋಗಬೇಕು.

ಮನೆ ಮಾಲೀಕರನ್ನು ಎಲ್ಲರೂ ಚೌಧರೀಜಿ ಎನ್ನುತ್ತಾರೆ. ಅವರ ತಾಯಿ ಎಲ್ಲರಿಗೂ ದಾದಿ, ಅಂದರೆ ಅಜ್ಜಿ, ಹುಕ್ಕಾ ಸೇದುವ ಮುದುಕಿ. ಎಮ್ಮೆಯನ್ನು ಕೂಗಿ ನನ್ನನ್ನು ಪಾರುಮಾಡಿದವಳು ಚೌಧರೀಜಿಯ ಮಗಳು, ಹತ್ತನೇ ತರಗತಿಯ ಸಂತೋಷ್. ನಮ್ಮಲ್ಲಿ ಸಂತೋಷ ಎಂದರೆ ಗಂಡುಹುಡುಗ. ಇಲ್ಲಿ ಎರಡು ಜಡೆ ಹಾಕಿಕೊಂಡ ಹುಡುಗಿ. ಅವರಿಗೆಲ್ಲ ನಾನು ‘ಮದ್ರಾಸನ್’. ವಿಂಧ್ಯದಿಂದ ಕೆಳಗಿರುವವರೆಲ್ಲ ಇವರ ಲೆಕ್ಕದಲ್ಲಿ ಮದ್ರಾಸಿಗಳೇ, ಹೆಂಗಸಾದರೆ ಮದ್ರಾಸನ್. ನಾನು ಭೂಪಟ ಬಿಡಿಸಿ ತೋರಿಸಿದೆ. ಚೌಧರೀಜಿ ಅದನ್ನು ಗೌರವದಿಂದ ನೋಡಿ, “ಅಚ್ಛಾ, ಅಂದರೆ ಮದ್ರಾಸಿನ ಪಕ್ಕ” ಎಂದರು.

ಹಾಗೆಂದು ನಾನೇನೂ ಕಡಿಮೆಯಿರಲಿಲ್ಲ. ತರಕಾರಿ ಭಯ್ಯಾನ ಗಾಡಿಯ ಮುಂದೆ ನಿಂತು, ಹಸಿರು ಬದನೆ ಇಲ್ಲದ ಊರೂ ಒಂದು ಊರೇ ಎಂದು ಜಗಳ ತೆಗೆದಿದ್ದೇನೆ. ಅಕ್ಟೋಬರ್ ಬಂದರೂ ಸ್ವೆಟರ್ ಕೊಳ್ಳಲಿಲ್ಲ. ಚಳಿ ಎಂದರೆ ನನಗೆ ಗೊತ್ತಿಲ್ಲವೇ ಎಂಬ ಧಿಮಾಕು. ಡಿಸೆಂಬರಿನಲ್ಲಿ ಹಲ್ಲು ಕಟಕಟ ಎನ್ನುವಾಗ ದಾದಿಯ ರಜಾಯಿ, ಅಂದರೆ ಹತ್ತಿ ತುಂಬಿದ ದಪ್ಪ ಹೊದಿಕೆ, ನನ್ನ ಮಾನ ಕಾಪಾಡಿತು. ಸಂಕಟ ಹೆಚ್ಚಾದ ಭಾನುವಾರ ಚಾಣಕ್ಯಪುರಿಯ ನಮ್ಮ ರಾಜ್ಯದ ಅತಿಥಿಗೃಹಕ್ಕೆ ಹೋಗಿ ಬಿಸಿಬೇಳೆ ಭಾತು ತಿಂದು, ಪಕ್ಕದ ಮೇಜಿನವರ ಕನ್ನಡಕ್ಕೆ ಕಿವಿಗೊಟ್ಟು ಬರುತ್ತಿದ್ದೆ. ಯಾರೋ ಅಪರಿಚಿತರು “ಉಪ್ಪಿನಕಾಯಿ ಸ್ವಲ್ಪ ಈ ಕಡೆ ಕೊಡಿ” ಎಂದದ್ದಕ್ಕೆ ಒಮ್ಮೆ ಕಣ್ಣು ತುಂಬಿಬಂತು.

ಚಳಿಗಾಲದಲ್ಲೇ ಒಂದು ಸಣ್ಣ ಗೆಲುವೂ ಸಿಕ್ಕಿತು. ಅಂಗಳದ ಮಣ್ಣಿನ ಒಲೆಯಲ್ಲಿ ದಾದಿ ಬಾಜ್ರಾ ರೊಟ್ಟಿ ಮಾಡುತ್ತಿದ್ದರು. ಬಾಜ್ರಾ ಎಂದರೆ ನಮ್ಮ ಸಜ್ಜೆ. ನಾನು ಕೇಳದೆಯೇ ಒಂದು ಉಂಡೆ ತೆಗೆದುಕೊಂಡು ತಟ್ಟೆಯಲ್ಲಿ ಟಪಟಪ ಬಡಿದೆ. ದಾದಿ ಎರಡು ಅಂಗೈಗಳ ನಡುವೆ ತಟ್ಟುವವರು. ನಾನು ಕೆಳಗಿಟ್ಟು ಬಡಿಯುವವಳು. ಒಲೆಯ ಮೇಲೆ ಮಾತ್ರ ಎರಡೂ ಒಂದೇ ತೆರನಾಗಿ ಉಬ್ಬಿದವು. “ಅರೆ, ಇಡ್ಲಿಯವಳಿಗೆ ಇದು ಹೇಗೆ ಬಂತು?” ಎಂದು ದಾದಿ ಕೇಳಿದರು. ಅಂದಿನಿಂದ ಮದ್ರಾಸನ್ ಹೋಗಿ ‘ಬೇಟೀ’ ಬಂತು.

ಜನವರಿಯಲ್ಲಿ ಸಂತೋಷ್ ಇಂಗ್ಲಿಷಿನಲ್ಲಿ ಫೇಲಾದಳು. ಮಾರ್ಚಿನ ಬೋರ್ಡ್ ಪರೀಕ್ಷೆಗೆ ಮುಂಚೆ ಶಾಲೆಯೇ ನಡೆಸುವ ‘ಪ್ರೀ-ಬೋರ್ಡ್’ ಎಂಬ ತಾಲೀಮು ಅದು. ಬೋರ್ಡಿನಲ್ಲೂ ಒಂದು ವಿಷಯ ಹೋದರೆ ಅದಕ್ಕೆ ಇಲ್ಲಿ ‘ಕಂಪಾರ್ಟ್‌ಮೆಂಟ್’ ಎನ್ನುತ್ತಾರೆ, ಆ ಒಂದನ್ನು ಮತ್ತೆ ಬರೆಯಬೇಕು. ಚೌಧರೀಜಿ ಮತ್ತೆ ಬರೆಸುವವರಾಗಿರಲಿಲ್ಲ. “ಪಾಸಾದರೆ ಹನ್ನೊಂದನೆಯದಕ್ಕೆ ಸೈನ್ಸ್ ಕೊಡಿಸ್ತೀನಿ. ಇಲ್ಲವಾದರೆ ಓದಿದ್ದು ಸಾಕು” ಎಂದುಬಿಟ್ಟರು. ಸಂತೋಷಳಿಗೆ ಪಶುವೈದ್ಯೆಯಾಗಬೇಕಿತ್ತು. ಹಿಂದಿನ ವರ್ಷ ಎಮ್ಮೆ ಭೂರಿಯ ಹೊಟ್ಟೆಯಲ್ಲಿ ಕರು ಅಡ್ಡ ಸಿಕ್ಕಿಕೊಂಡಾಗ ಡಾಕ್ಟರು ತೋಳು ಹಾಕಿ ತೆಗೆದದ್ದನ್ನು ಅವಳು ಲಾಟೀನು ಹಿಡಿದು ನೋಡಿದ್ದಳಂತೆ. ಅಂದಿನಿಂದ ಬೇರೆ ಮಾತೇ ಇಲ್ಲ. “ದೀದಿ, ಎಮ್ಮೆಗೆ ಇಂಗ್ಲಿಷ್ ಯಾಕೆ ಬೇಕು?” ಎಂದು ನನ್ನ ಕೋಣೆಗೆ ಬಂದು ಅತ್ತಳು. ಸಂಜೆ ಸಂಜೆ ತಾರಸಿಯಲ್ಲಿ ಪಾಠ ಶುರುವಾಯಿತು.

ವ್ಯಾಕರಣ ಅಷ್ಟೇನೂ ಕೆಟ್ಟಿರಲಿಲ್ಲ. ಕ್ರಿಯಾಪದದ ಬಾಲಕ್ಕೆ ಎಸ್ ಹಚ್ಚಲು ಮರೆಯುತ್ತಿದ್ದಳು. ಅದನ್ನು ಯಾರು ಮರೆಯುವುದಿಲ್ಲ? ಶಬ್ದಗಳ ಪಾಠವಂತೂ ಇಬ್ಬರಿಗೂ ಹಬ್ಬವಾಯಿತು. ಪಠ್ಯದಲ್ಲಿ ಬೇಸಾಯದ ಪದಗಳ ಒಂದು ಘಟಕವೇ ಇತ್ತು. ‘ವಿನ್ನೋ’ ಎಂಬ ಪದ ಬಂದಾಗ ಅವಳು ಓಡಿಹೋಗಿ ದಾದಿಯ ಛಾಜ್ ತಂದಳು. ನೋಡಿದರೆ ನಮ್ಮ ಮೊರ! ನಾನು ಮೊರ ಹಿಡಿದು ಕೇರಿದೆ, ಅವಳು ಕೇರಿದಳು, ಹೊಟ್ಟು ಇಬ್ಬರ ತಲೆಯ ಮೇಲೂ ಕೂತಿತು. ‘ಶೀಫ್’ ಎಂದರೆ ಕೊಯ್ದ ತೆನೆಗಳ ಕಟ್ಟು ಎಂದು ಓದಿ ಹೇಳಿದೆ. “ಪೂಲಿ!” ಎಂದಳು. ಅವಳು ಕೈಯಲ್ಲಿ ಅದರ ಗಾತ್ರ ತೋರಿಸಿದಾಗ ನನಗೆ ಸಿವುಡು ನೆನಪಾಯಿತು. ಬಿ.ಎ.ಯಿಂದಲೂ ನಾನು ಆ ಇಂಗ್ಲಿಷ್ ಪದವನ್ನು ಎಷ್ಟೋ ಪದ್ಯಗಳಲ್ಲಿ ಓದಿದ್ದೆ. ಅದು ನಮ್ಮ ಹೊಲದ ಬದುವಿನಲ್ಲಿ ನಾನು ಒರಗಿ ಕೂರುತ್ತಿದ್ದ ಜೋಳದ ಸಿವುಡೇ ಎಂದು ದೆಹಲಿಯ ತಾರಸಿಯಲ್ಲಿ ಹೊಳೆಯಿತು.

ಹಾಗಾದರೆ ಇವಳು ಫೇಲಾಗಿದ್ದು ಎಲ್ಲಿ? ಉತ್ತರ ಪತ್ರಿಕೆ ತರಿಸಿ ನೋಡಿದೆ. ಓದಿ ಉತ್ತರಿಸುವ ಭಾಗ, ಇವರ ಭಾಷೆಯಲ್ಲಿ ‘ಅನ್‌ಸೀನ್ ಪ್ಯಾಸೇಜ್’. ಮೊದಲು ನೋಡಿರದ ಒಂದು ಬರಹ ಕೊಟ್ಟು ಕೆಳಗೆ ಪ್ರಶ್ನೆ ಕೇಳುತ್ತಾರೆ. ಬರಹದಲ್ಲಿ ಒಬ್ಬ ರೈತ ವಸಂತದಲ್ಲಿ ಗೋಧಿ ಬಿತ್ತಿ, ಶರತ್ಕಾಲದಲ್ಲಿ ಕೊಯ್ದು, ಹಿಮ ಬೀಳುವ ಮುಂಚೆ ಹುಲ್ಲನ್ನೆಲ್ಲ ಹೊಲದಲ್ಲೇ ಬಿಡುತ್ತಾನೆ. ಯಾವುದೋ ಶೀತದೇಶದ ಪುಸ್ತಕದಿಂದ ಎತ್ತಿದ್ದಿರಬೇಕು. ರೈತ ಯಾವಾಗ ಬಿತ್ತಿದ? ದೀಪಾವಳಿಯ ನಂತರ, ಎಂದು ಸಂತೋಷ್ ಬರೆದಿದ್ದಳು. ಯಾವಾಗ ಕೊಯ್ದ? ಬೈಸಾಖಿಗೆ. ಹುಲ್ಲನ್ನು ಏಕೆ ಬಿಟ್ಟ? ಬಿಡಲಿಲ್ಲ, ಎಮ್ಮೆ ತಿಂದಿತು. ಎಲ್ಲದಕ್ಕೂ ಕೆಂಪು ಶಾಯಿಯ ತಪ್ಪು ಗುರುತು.

ಪ್ರತಿ ಏಪ್ರಿಲ್‌ನಲ್ಲೂ ಅವಳು ಹರಿಯಾಣದ ನಾನಿಯ, ಅಂದರೆ ತಾಯಿಯ ಅಮ್ಮನ, ಮನೆಗೆ ಗೋಧಿ ಕೊಯ್ಲಿಗೆ ಹೋಗುತ್ತಾಳೆ. ಅವಳ ಕಣ್ಣಲ್ಲಿ ಆ ಉತ್ತರಗಳೇ ಸತ್ಯ.

ಅದೇ ಭಾನುವಾರ ಲೋಧಿ ಕಾಲೊನಿಯ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿರುವ ನಮ್ಮೂರಿನ ಗುಮಾಸ್ತರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆ. ಅವರ ಮಗಳು ಅನಘಾ ಕೂಡ ಹತ್ತನೆಯದು. ಅದೇ ಬರಹ ಕೊಟ್ಟೆ. ಟಿವಿ ನೋಡುತ್ತಲೇ ಬರೆದು ಮುಗಿಸಿದಳು. ಎಲ್ಲ ಸರಿ.

“ಅನಘಾ, ಶೀಫ್ ಅಂದ್ರೇನು?”

“ಪತಾ ನಹೀ ಅಕ್ಕಾ.”

“ಗೋಧಿ ಗಿಡ ನೋಡಿದೀಯಾ?”

“ಇಲ್ಲ. ಬಟ್ ಆನ್ಸರ್ ಎಲ್ಲಾ ಅದರಲ್ಲೇ ಇದೆ ನಾ? ಢೂಂಢ್ಕೇ ಬರೆಯೋದು, ಬಸ್.”

ಹುಡುಕಿ ಬರೆಯುವುದು, ಅಷ್ಟೇ. ಗೋಧಿಯನ್ನೇ ಕಾಣದವಳು ಗೆದ್ದಳು, ಗೋಧಿ ಕೊಯ್ದವಳು ಸೋತಳು. ನನಗೆ ರೇಗಿತು. ಆದರೆ ಬಸ್ಸಿನಲ್ಲಿ ಕೂತು ಯೋಚಿಸಿದರೆ ಪ್ರಶ್ನೆಯದೂ ತಪ್ಪಿರಲಿಲ್ಲ. ಅದು ಕೇಳಿದ್ದು ಆ ರೈತನ ಗೋಧಿಯನ್ನು, ಸಂತೋಷಳ ಅಜ್ಜಿಯದನ್ನಲ್ಲ. ಎದುರಿಗಿರುವುದನ್ನು ಓದದೆ ಗೊತ್ತಿದ್ದನ್ನೇ ಬರೆಯುವ ಕೆಲಸ ನಾನೂ ಜುಲೈಯಿಂದ ಮಾಡುತ್ತಲೇ ಇದ್ದೆನಲ್ಲ! ದೆಹಲಿ ಒಂದು ಕೇಳಿದರೆ ನಾನು ರಾಣೆಬೆನ್ನೂರನ್ನು ಉತ್ತರವಾಗಿ ಬರೆಯುತ್ತಿದ್ದೆ. ಬದನೆಕಾಯಿ, ಚಳಿ, ಎಮ್ಮೆ, ಎಲ್ಲದರಲ್ಲೂ.

ಮರುದಿನ ಸಂಜೆ ಸಂತೋಷಳಿಗೆ ಹೇಳಿದೆ, “ಬರಹದಲ್ಲಿರೋದನ್ನೇ ಬರಿ. ನಿನಗೆ ಗೊತ್ತಿರೋದನ್ನ ಮರೆತುಬಿಡು.”

ಅವಳು ಪೆನ್ನು ಕೆಳಗಿಟ್ಟಳು. “ಈ ಕಿಸಾನ್ ಪಾಗಲ್ ಇದಾನೆ ದೀದಿ. ಹುಲ್ಲು ಬಿಟ್ಟುಬಂದರೆ ಅವನ ಎಮ್ಮೆ ಏನು ತಿನ್ನಬೇಕು? ಪಾಸಾಗೋಕೆ ನಾನು ಝೂಠ್ ಬರೀಬೇಕಾ?”

“ಸುಳ್ಳಲ್ಲ, ಅದು ಅವನ ಊರು.”

“ಹಾಗಾದರೆ ನಮ್ಮ ನಾನಿಯ ಹೊಲ?”

ಅವಳು ಪುಸ್ತಕ ಮುಚ್ಚಿ ಕೆಳಗಿಳಿದು ಹೋದಳು. ನಾನು ದಿಢೀರನೆ ಮರೆತುಬಿಡು ಎಂದದ್ದು ಎಂಥ ಮಾತು! ನನಗೇ ಯಾರಾದರೂ ಹಾಗೆ ಹೇಳಿದ್ದರೆ ಅಂದೇ ಬೆಂಗಳೂರಿನ ರೈಲು ಕೆ.ಕೆ. ಎಕ್ಸ್‌ಪ್ರೆಸ್ ಹತ್ತುತ್ತಿದ್ದೆ. ನಾಲ್ಕೈದು ದಿನ ಅವಳು ಪಾಠಕ್ಕೆ ಬರಲಿಲ್ಲ. ಮೆಟ್ಟಿಲಲ್ಲಿ ಸಿಕ್ಕರೆ ಮುಖ ತಿರುಗಿಸಿಕೊಂಡು ಭೂರಿಗೆ ಹಿಂಡಿ ಇಡುತ್ತಿದ್ದಳು. ಪರೀಕ್ಷೆ ಹತ್ತಿರ ಬರುತ್ತಿತ್ತು, ನನಗೆ ನಿದ್ದೆ ಹತ್ತುತ್ತಿರಲಿಲ್ಲ.

ದಾರಿ ಸಿಕ್ಕಿದ್ದು ಅವಳ ಗಣಿತದ ಪುಸ್ತಕದಲ್ಲಿ. ಅಂಗಳದಲ್ಲಿ ಕೂತು ಲೆಕ್ಕ ಮಾಡುತ್ತಿದ್ದವಳು ಪುಟದ ಬಲಕ್ಕೆ ಗೆರೆ ಎಳೆದು, ಆ ಸಣ್ಣ ಪಟ್ಟಿಯಲ್ಲಿ ಗುಣಾಕಾರ ಭಾಗಾಕಾರ ಗೀಚಿಕೊಳ್ಳುತ್ತಿದ್ದಳು. ರಫ್ ಪಟ್ಟಿ. ಅದನ್ನು ಯಾರೂ ತಿದ್ದುವುದಿಲ್ಲ, ಅಂಕ ಕೊಡುವುದಿಲ್ಲ, ಕೊಟ್ಟ ಅಂಕ ಕಳೆಯುವುದೂ ಇಲ್ಲ.

“ಇಂಗ್ಲಿಷ್‌ನಲ್ಲೂ ಈ ಗೆರೆ ಎಳಿ,” ಎಂದೆ. “ನಾನಿಯ ಹೊಲ ಮೊದಲು ರಫ್‌ನಲ್ಲಿ ಬರಿ, ಪೆನ್ಸಿಲ್‌ನಲ್ಲಿ, ಹಿಂದಿಯಲ್ಲೇ ಬರಿ. ಆಮೇಲೆ ಈ ಕಡೆ ಆ ಪಾಗಲ್ ಕಿಸಾನ್ ಏನು ಮಾಡಿದ ಅಂತ ನೋಡಿ ಬರಿ.”

ಅವಳು ಹೊಸ ಪುಟ ತೆರೆದು ಗೆರೆ ಎಳೆದಳು. “ಆಮೇಲೆ ರಫ್ ಅಳಿಸಬೇಕಾ?”

“ಒಂದು ಅಡ್ಡಗೆರೆ ಹಾಕು ಸಾಕು. ಓದೋ ಹಾಗೇ ಇರಲಿ.”

ಚಲೋ, ಎಂದಳು. ಆ ರಾತ್ರಿ ನನ್ನ ಕೋಣೆಗೆ ಒಂದು ಲೋಟ ಭೂರಿಯ ಹಾಲು ಬಂತು.

ಆಮೇಲೆ ಅವಳು ಓದುವುದೇ ಬದಲಾಯಿತು. ತನ್ನದನ್ನು ಪಕ್ಕದಲ್ಲಿ ಭದ್ರವಾಗಿ ಇಟ್ಟುಕೊಂಡ ಮೇಲೆ ಅವಳಿಗೆ ಬೇರೆಯವರ ಹೊಲದ ಮೇಲೆ ಕುತೂಹಲ ಹುಟ್ಟಿತು. ಹಿಮದಡಿಯಲ್ಲಿ ಹುಲ್ಲು ನೆಲವನ್ನು ಬೆಚ್ಚಗಿಡುತ್ತದೆ ಎಂಬ ಸಾಲು ಆ ಬರಹದಲ್ಲೇ ಇತ್ತು, ಅವಳು ಸಿಟ್ಟಿನಲ್ಲಿ ಅದನ್ನು ಓದಿಯೇ ಇರಲಿಲ್ಲ. “ಅಂದರೆ ಹೊಲಕ್ಕೂ ರಜಾಯಿ!” ಎಂದು ಕುಣಿದಳು. ನಾನು ಕೂಡ ತರಕಾರಿ ಭಯ್ಯಾನಿಗೆ ಇಲ್ಲದ ಬದನೆಯನ್ನು ಕೇಳುವುದು ಬಿಟ್ಟು, ಇರುವ ಬಥುವಾ ಸೊಪ್ಪನ್ನು ಹೇಗೆ ಮಾಡುತ್ತೀರಿ ಎಂದು ಕೇಳಿದೆ. ಅದು ನಮ್ಮ ಚಕ್ಕೋತ ಸೊಪ್ಪಿಗೆ ಹತ್ತಿರದ ನೆಂಟ. ಹುಳಿ ಚೆನ್ನಾಗಿಯೇ ಆಯಿತು.

ಮಾರ್ಚಿನಲ್ಲಿ ಇಂಗ್ಲಿಷ್ ಪರೀಕ್ಷೆ ಮುಗಿಸಿ ಬಂದ ಸಂತೋಷ್ ಯಾರ ಜೊತೆಗೂ ಮಾತಾಡದೆ ನೇರ ಎಮ್ಮೆಯ ಹತ್ತಿರ ಹೋಗಿ ನಿಂತಳು. ನಾನು ಹಿಂದೆಯೇ ಹೋದೆ. ಈ ಸಲ ಬರಹ ಹೈನುಗಾರಿಕೆಯದಂತೆ. ಹಸುವಿನ ಹಾಲು ಅತ್ಯುತ್ತಮ ಎಂದು ಅದರಲ್ಲಿತ್ತಂತೆ.

“ಏನು ಬರೆದೆ?” ಎಂದು ಅಂಜುತ್ತಲೇ ಕೇಳಿದೆ.

“ಹಸುವಿನದೇ ಅಂತ ಬರೆದೆ.” ಅವಳು ಭೂರಿಯ ಕುತ್ತಿಗೆ ತುರಿಸುತ್ತಿದ್ದಳು. “ರಫ್‌ನಲ್ಲಿ ಮಾತ್ರ ಇವಳ ಹೆಸರು ಬರೆದಿದೀನಿ.”

ಮೇ ತಿಂಗಳಲ್ಲಿ ನಾನು ಊರಿಗೆ ಬಂದೆ. ರಾಣೆಬೆನ್ನೂರಿನ ಜನಕ್ಕೆಲ್ಲ ದೆಹಲಿ ಮೊದಲೇ ಗೊತ್ತಿತ್ತು. ಅಲ್ಲಿ ಅನ್ನವೇ ಸಿಗುವುದಿಲ್ಲ, ಎಲ್ಲರೂ ಒರಟರು, ಹೌದಿಲ್ಲೋ? ಇಲ್ಲ ಎಂದರೆ ಕೇಳಲು ಯಾರಿಗೂ ಪುರುಸೊತ್ತಿಲ್ಲ. ಹಾಗಲ್ಲ, ನಮ್ಮ ಚೌಧರೀಜಿ ಹಾಗಿಲ್ಲ, ಎಂದು ನಾನು ವಾದಕ್ಕೆ ಇಳಿಯುತ್ತಿದ್ದೆ. ‘ನಮ್ಮ’ ಎಂಬ ಮಾತು ಬಾಯಿಂದ ಜಾರಿದ್ದು ಆಮೇಲೆ ತಿಳಿಯುತ್ತಿತ್ತು.

ಒಂದು ಮಧ್ಯಾಹ್ನ ಅವ್ವ ರೊಟ್ಟಿ ಬಡಿಯುತ್ತಿದ್ದಾಗ ಫೋನು ಬಂತು. ಆ ಕಡೆಯಿಂದ ಸಂತೋಷ್ ಕಿರುಚುತ್ತಿದ್ದಳು. ಪಾಸು! ಇಂಗ್ಲಿಷಿನಲ್ಲಿ ಅವಳ ಶಾಲೆಯ ಮೇಡಂ ಬೆರಗಾಗುವಷ್ಟು ಅಂಕ. ಚೌಧರೀಜಿ ಬೀದಿಗೆಲ್ಲ ಲಡ್ಡು ಹಂಚಿ, ಸೈನ್ಸ್ ಫಾರಂ ತರಲು ಹೋಗಿದ್ದಾರೆ. ನಾನು ಅಡುಗೆಮನೆಯಲ್ಲೇ ನಿಂತು ಅತ್ತೆ. ಹಿಂದಿನಿಂದ ದಾದಿ ಏನೋ ಹೇಳಿಕೊಟ್ಟರು, ಸಂತೋಷ್ ಅದನ್ನೇ ಕೂಗಿದಳು, “ದೀದಿ, ಘರ್ ಕಬ್ ಆವೋಗೀ?”

“ಅಗಲೇ ಹಫ್ತೇ ಘರ್ ಆ ರಹೀ ಹೂಂ,” ಎಂದೆ.

ಟಿವಿಯ ದಯೆಯಿಂದ ಅವ್ವನಿಗೆ ಅಷ್ಟು ಹಿಂದಿ ಬರುತ್ತದೆ. ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. “ಮುಂದಿನ ವಾರ ಮನೀಗೆ ಬರ್ತೇನಿ ಅಂದ್ಯಲ್ಲ,” ಎಂದಳು. “ಮತ್ತ ಈಗ ಎಲ್ಲಿ ಅದೀ?”

ಎರಡೂ ಉತ್ತರ ನನಗೆ ಗೊತ್ತಿತ್ತು. ಗೆರೆಯ ಯಾವ ಬದಿಗೆ ಯಾವುದನ್ನು ಬರೆಯಬೇಕೆಂಬುದು ಮಾತ್ರ ತಿಳಿಯಲಿಲ್ಲ. ಅವ್ವನ ಪಕ್ಕ ಕೂತು ಒಂದು ಉಂಡೆ ತೆಗೆದುಕೊಂಡೆ. ಕೆಳಗಿಟ್ಟು ಬಡಿಯುವ ಬದಲು ನನ್ನ ಕೈಗಳು ಅದನ್ನು ದಾದಿಯ ಹಾಗೆ ಎರಡು ಅಂಗೈಗಳ ನಡುವೆ ತಟ್ಟತೊಡಗಿದ್ದವು. ಅವ್ವ ನೋಡುತ್ತಲೇ ಇದ್ದಳು.