ಓದದೆ ಬಿಟ್ಟ ಅಧ್ಯಾಯ

ನಮ್ಮ ಬೀದಿಯ ಟೈಲರಕ್ಕನ ಹಠದ ಮುಂದೆ ಯಾರ ಆಟವೂ ನಡೆಯದು. "ತೋಳು ಬಿಗಿ ಇರಲಿ" ಎಂದ ಗಿರಾಕಿಗೆ ಸಡಿಲವಾಗಿಯೇ ಹೊಲಿದುಕೊಟ್ಟು, "ಇನ್ನೆರಡು ತಿಂಗಳಿಗೆ ನೀನೇ ದಪ್ಪ ಆಗ್ತೀಯ, ಸುಮ್ನೆ ತಗೊಂಡ್ಹೋಗು" ಎಂದು ಸಾಗಹಾಕುವ ಹೆಂಗಸು. ನಾನು ಪಕ್ಕದ ಜೆರಾಕ್ಸ್ ಅಂಗಡಿಯವಳು. ನನ್ನ ಬಾಯಿಗೆ ಬೀಗವಿಲ್ಲವೆಂದು ಊರಿಗೆಲ್ಲ ಗೊತ್ತು, ಆದರೂ ಅವಳೆದುರು ನಾನು ತೆಪ್ಪಗಿರುತ್ತೇನೆ.

ಭಾನುವಾರ ಮಧ್ಯಾಹ್ನ ಅವಳ ಅಂಗಡಿಯಲ್ಲೇ ನಮ್ಮ ಓದುಗರ ಕೂಟ. ಓದುವವರು ನಿವೃತ್ತ ಮೇಷ್ಟ್ರು. ಕೇಳುವವರು ಅವಳು, ನಾನು ಮತ್ತು ಮೂಲೆಮನೆಯ ನರ್ಸಮ್ಮ. ಆ ಹೊತ್ತಿನಲ್ಲಿ ಅವಳು ಮಿಷನ್ ತುಳಿಯುವುದಿಲ್ಲ. ಸದ್ದಿಗೆ ಕತೆ ಕೇಳಿಸದು. ಗುಂಡಿ ಹಚ್ಚುವುದು, ಕಾಜಾ ಮಾಡುವುದು, ಅಂಚು ಮಡಚುವುದು, ಇಂಥ ಕೈಹೊಲಿಗೆಯನ್ನೆಲ್ಲ ಅದಕ್ಕೆಂದೇ ಎತ್ತಿಟ್ಟಿರುತ್ತಾಳೆ. "ನೀನೂ ಒಂದ್ಸಲ ಓದಮ್ಮ" ಎಂದು ಮೇಷ್ಟ್ರು ಕರೆದರೆ, "ಸೂಜಿಗೆ ದಾರ ಪೋಣಿಸಿ ಪೋಣಿಸಿ ಕಣ್ಣು ಸೋತಿದೆ. ಕಿವಿ ಖಾಲಿ ಇದೆ, ಅದಕ್ಕೆ ಸುರೀರಿ" ಎನ್ನುತ್ತಾಳೆ.

ಆ ಸಲ ಹಿಡಿದದ್ದು ದೋಣಿ ಕಟ್ಟುವ ಒಂದು ಮನೆತನದ ಕಾದಂಬರಿ. ಅಪ್ಪ ಹಠಮಾರಿ, ಹಿರಿಮಗ ಮುಂಗೋಪಿ, ಎರಡನೆಯವಳು ಎಲ್ಲರನ್ನೂ ನಗಿಸುವ ಹುಡುಗಿ. ಪ್ರತಿ ಅಧ್ಯಾಯಕ್ಕೂ ನಮ್ಮಲ್ಲಿ ಜಗಳ. ನರ್ಸಮ್ಮ ಅಪ್ಪನಿಗೆ ಹಿಡಿಶಾಪ ಹಾಕಿದರೆ ಮೇಷ್ಟ್ರು ಅವನ ಪರ ವಕಾಲತ್ತು. ನನಗೋ ಹಿರಿಮಗನ ಕಪಾಳಕ್ಕೆ ಎರಡು ಬಿಡಬೇಕೆನ್ನಿಸುತ್ತಿತ್ತು. ಟೈಲರಕ್ಕ ಮಾತ್ರ ಆ ಹುಡುಗಿಯ ಪಕ್ಷ. ಹುಡುಗಿ ಬಾಯಿಬಿಟ್ಟಾಗಲೆಲ್ಲ ಇವಳ ಸೂಜಿ ನಿಲ್ಲುತ್ತಿತ್ತು.

ಕಾರಣ ನಮಗೆಲ್ಲ ಗೊತ್ತು. ಟೈಲರಕ್ಕನಿಗೆ ಒಬ್ಬಳೇ ಮಗಳಿದ್ದಳು. ನಿಂತಲ್ಲಿ ನಿಲ್ಲದವಳು, ಬೀದಿಗೆಲ್ಲ ಗಿರಗಿಟ್ಲೆ. ಮೂರು ವರ್ಷದ ಹಿಂದೆ ಜ್ವರವೆಂದು ಮಲಗಿದವಳು ಏಳಲೇ ಇಲ್ಲ. ಅಂದಿನಿಂದ ತಾಯಿಯ ಮುಂದೆ ನಾವ್ಯಾರೂ ಅವಳ ಮಾತೆತ್ತಿರಲಿಲ್ಲ. ಗಾಯ ಕೆದಕಬಾರದು ಎಂದುಕೊಂಡಿದ್ದೆವು.

ಕಾದಂಬರಿಯ ಹುಡುಗಿಯೂ ಜ್ವರದಲ್ಲೇ ಸಾಯುತ್ತಾಳೆಂಬುದು, ಮನೆಯಲ್ಲಿ ಮುಂಚೆಯೇ ಓದಿಕೊಂಡು ಬರುವ ಮೇಷ್ಟ್ರಿಗೆ ತಿಳಿಯಿತು. ಅವರೂ ನರ್ಸಮ್ಮನೂ ಗುಟ್ಟಾಗಿ ಮಾತಾಡಿಕೊಂಡು ಆ ಅಧ್ಯಾಯವನ್ನೇ ಹಾರಿಸಿಬಿಟ್ಟರು. ನನಗೆ ಹೇಳಲಿಲ್ಲ, ಹೇಳಿದ್ದರೆ ಡಂಗುರ ಸಾರುತ್ತಿದ್ದೆನಂತೆ.

ಮುಂದಿನ ಅಧ್ಯಾಯ ಶುರುವಾಗಿ ಸ್ವಲ್ಪ ಹೊತ್ತಿಗೆ ಟೈಲರಕ್ಕ ಕೇಳಿದಳು, "ಎರಡನೇ ಹುಡುಗಿ ಎಲ್ಲಿ ಮೇಷ್ಟ್ರೇ?"

ಮೇಷ್ಟ್ರು ತಡವರಿಸಿ, "ಸೋದರತ್ತೆ ಮನೆಗೆ ಹೋಗಿದಾಳೆ" ಎಂದರು.

ಒಂದು ಸುಳ್ಳು ಮುಚ್ಚಲು ನೂರು ಸುಳ್ಳು. ಮರು ಭಾನುವಾರ ಸೋದರತ್ತೆಯ ಕಾಲು ಮುರಿಯಿತು. ಹುಡುಗಿ ಆರೈಕೆಗೆ ಅಲ್ಲೇ ಉಳಿದಳು. ಪುಸ್ತಕದಲ್ಲೇ ಇಲ್ಲದ ಆ ಸೋದರತ್ತೆಯನ್ನು ಮೇಷ್ಟ್ರು ಎಷ್ಟು ಚೆನ್ನಾಗಿ ಸಾಕಿದರೆಂದರೆ ನನಗೆ ಅವಳ ಮೇಲೆ ಕನಿಕರವೇ ಹುಟ್ಟಿತ್ತು. ಆದರೆ ಆಮೇಲಿನ ವಾರ, ಆ ಹುಡುಗಿಯ ತಾಯಿ ಅವಳ ಚಪ್ಪಲಿಗಳನ್ನು ಎದೆಗವಚಿಕೊಂಡು ಅಳುವ ಸಾಲು ಬಂತು. ಹಾರಿಸಬೇಕೆಂದು ಮೇಷ್ಟ್ರಿಗೆ ಹೊಳೆಯುವಷ್ಟರಲ್ಲಿ ಓದಿ ಆಗಿತ್ತು.

ಟೈಲರಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ಅತ್ತೆ ಮನೆಗೆ ಹೋದವಳಿಗೆ ಯಾರೂ ಹೀಗೆ ಅಳಲ್ಲ. ಸತ್ತಿದಾಳೆ ಅಲ್ವಾ?"

ಮೇಷ್ಟ್ರು ಪುಸ್ತಕ ಮಡಚಿದರು.

"ಬಿಟ್ಟಿದ್ದನ್ನ ಓದಿ."

"ಬೇಡಮ್ಮ, ನಿನ್ನ ಕೈಲಿ ತಡ್ಕೊಳ್ಳೋಕಾಗಲ್ಲ."

"ನಡೆದಿದ್ದನ್ನೇ ತಡ್ಕೊಂಡಿದೀನಿ, ಬರೆದಿದ್ದು ಏನು ಮಹಾ? ಓದಿ. ಇಲ್ದಿದ್ರೆ ಪುಸ್ತಕ ಇಲ್ಲಿ ಕೊಡಿ, ಕಣ್ಣು ಹಾಳಾದ್ರೂ ಸರಿ, ನಾನೇ ಓದ್ಕೋತೀನಿ."

ಎದ್ದು ಹೋಗಿ ಅಂಗಡಿಯ ಚಿಲಕ ಹಾಕಿ ಬಂದು ಕೂತಳು. ಮೇಷ್ಟ್ರು ಓದಿದರು. ನರ್ಸಮ್ಮ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು, ನಾನಂತೂ ಗೊಳೋ ಎಂದು ಅತ್ತೆ. ಟೈಲರಕ್ಕನ ಕೆನ್ನೆಯೂ ಒದ್ದೆಯಾಗಿತ್ತು, ಆದರೆ ಒಂದು ಸಲವೂ ಸಾಕು ಎನ್ನಲಿಲ್ಲ. ಅಧ್ಯಾಯದ ಕೊನೆಯಲ್ಲಿ, ಇನ್ನು ಈ ಮನೆಯಲ್ಲಿ ಅವಳ ಹೆಸರೆತ್ತಕೂಡದೆಂದು ಅಪ್ಪ ಕಟ್ಟಪ್ಪಣೆ ಮಾಡುತ್ತಾನೆ.

"ಅಲ್ಲೇ ನೋಡಿ ಆ ಮನೆ ಮುರಿದಿದ್ದು" ಎಂದಳು ಟೈಲರಕ್ಕ. "ನೀವೂ ಅದನ್ನೇ ಮಾಡ್ತಿದೀರಿ. ಮೂರು ವರ್ಷದಿಂದ ನನ್ನ ಗಿರಗಿಟ್ಲೆಯ ಮಾತನ್ನ ನಾನೊಬ್ಬಳೇ ಆಡ್ತಿದೀನಿ, ಅದೂ ಗೋಡೆ ಜೊತೆ. ನನಗೆ ಗೊತ್ತಿರೋದೆಲ್ಲ ಮುಗೀತು. ನಿಮ್ಮ ಹತ್ರ ಏನಿದೆ? ಹೇಳದೆ ಯಾರೂ ಎದ್ದು ಹೋಗೋ ಹಾಗಿಲ್ಲ."

ಮೊದಲು ಮೇಷ್ಟ್ರು ಕನ್ನಡಕ ತೆಗೆದಿಟ್ಟು ಶುರುಮಾಡಿದರು.

"ನೀನು ಊರಲ್ಲಿಲ್ದಾಗ ಒಂದ್ಸಲ ಅವಳ ಕೈಗೆ ಪ್ಯಾಂಟ್ ಕೊಟ್ಟಿದ್ದೆ, ಜೇಬು ತೂತಾಗಿದೆ, ಹೊಲಿಯಮ್ಮ ಅಂತ. ಅವಳು ಜೇಬಿನ ಬಾಯನ್ನೇ ಹೊಲಿದುಬಿಟ್ಲು! ಬಸ್ಸಲ್ಲಿ ಟಿಕೆಟ್‌ಗೆ ಅಂತ ಕೈ ಹಾಕ್ತೀನಿ, ಒಳಗೆ ಹೋಗ್ತಾನೇ ಇಲ್ಲ. ಕಂಡಕ್ಟರ್ ಬೇರೆ ಗುರಾಯಿಸ್ತಾನೆ. ವಾಪಸ್ ಬಂದು ಕೇಳಿದ್ರೆ, 'ಇನ್ನು ಒಂದು ಪೈಸೆನೂ ಕೆಳಗೆ ಬೀಳಲ್ಲ ನೋಡಿ ಮೇಷ್ಟ್ರೇ' ಅಂದ್ಲು."

ಟೈಲರಕ್ಕ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. "ನನಗೆ ಹೇಳೇ ಇಲ್ಲ, ಕಳ್ಳಿ! ಆ ಪ್ಯಾಂಟ್ ಇದೆಯಾ?"

"ಇದೆ. ಇನ್ನೊಂದು ಜೇಬಲ್ಲೇ ಕಾಲ ಹಾಕ್ತಿದೀನಿ."

"ನಾಳೆ ತನ್ನಿ."

"ಬಿಚ್ಚಿ ಕೊಡ್ತೀಯಾ?"

"ಬಿಚ್ಚೋದಾ? ಯಾರಾದ್ರೂ ಕತ್ತರಿ ಮುಟ್ಟಿಸ್ಲಿ ನೋಡೋಣ! ಹೊಲಿಗೆ ನೆಟ್ಟಗೆ ಹಾಕಿದಾಳಾ ಅಂತ ನಾನು ನೋಡ್ಬೇಕು" ಎಂದವಳೇ ನನ್ನ ಕಡೆ ತಿರುಗಿದಳು. "ಹೂಂ, ಈಗ ನೀನು."