ಲ್ವಾನಕ್ಕ ರಾಣಿಯಾದ ದಿನ

ಬೀಜಿಂಗಿನ ಬಸ್ಸುಗಳಲ್ಲಿ ಕಂಡಕ್ಟರಾಗಿ ಆಯುಷ್ಯ ಸವೆಸಿದ ಲ್ವಾನ್ ಗುಯ್‌ಚಿನ್, "ಅರಮನೆ ಬಂತು, ಇಳೀರಿ!" ಎಂದು ಗಂಟಲು ಹರಿಯುವಂತೆ ಕೂಗಿ ಊರವರನ್ನೆಲ್ಲ ಇಳಿಸಿದವಳು. ತಾನು ಮಾತ್ರ ಒಮ್ಮೆಯೂ ಇಳಿದಿರಲಿಲ್ಲ. ಅರವತ್ತು ತುಂಬಿದ ದಿನ ಹಟ ಹಿಡಿದಳು: ರಾಣಿಯ ಉಡುಪು ತೊಟ್ಟು ಅರಮನೆಯಲ್ಲಿ ಫೋಟೋ ಆಗಲೇಬೇಕು. ಓಣಿಗೆಲ್ಲ ಡಂಗುರ ಹೊಡೆದೂ ಆಗಿತ್ತು. ಬರಿಗೈಲಿ ಹಿಂತಿರುಗಿದರೆ ಮಾನ ಉಳಿದೀತೇ?

ಅರಮನೆಯ ಹೊರಗಿನ ಬಾಡಿಗೆ ಅಂಗಡಿಯಲ್ಲಿ ಮೈಗೆ ಕೆಂಪು ನಿಲುವಂಗಿ, ತಲೆಗೆ ಮಣಭಾರದ ಹೂಗಿರೀಟ ಏರಿತು. ಮೂರು ಗಂಟೆಗೆ ವಾಪಸು ಕೊಡಬೇಕು. ಗಂಡ ಬಾವ್‌ಶಾನ್‌ಗೋ ಹೊಸದಾಗಿ ಕೊಂಡ ಉದ್ದ ಲೆನ್ಸಿನ ಹುಚ್ಚು.

"ನನ್ನ ಕಡೆ ನೋಡಲೇಬೇಡ. ನಿನ್ನ ಪಾಡಿಗೆ ಓಡಾಡ್ಕೊಂಡಿರು. ದೂರದಿಂದ ಹೊಡೀತೀನಿ," ಎಂದ ಅವನು.

"ಫೋಟೋದಲ್ಲಿ ನನ್ನ ತಲೆ ಹೋದ್ರೆ ಮನೇಲಿ ನಿನ್ನ ತಲೆ ಹೋಗುತ್ತೆ, ಮುದುಕಾ!"

ಅಬ್ಬಬ್ಬಾ, ಆಮೇಲಿನ ಅವಳ ಠೀವಿ! ಕೆಂಪು ಗೋಡೆಗೆ ಒರಗಿದಳು. ಬಾಗಿಲು ಬಾಗಿಲಲ್ಲೂ ಗದ್ದ ಎತ್ತಿ ನಿಂತಳು. ಕಂಚಿನ ಸಿಂಹಕ್ಕೂ ಒಂದು ವಾರೆನೋಟ ಬೀರಿದಳು. ಅರಮನೆ ತುಂಬ ಬಾಡಿಗೆ ರಾಣಿಯರೇ. ಆದರೂ ತನ್ನ ಸಮ ಯಾರೂ ಇಲ್ಲವೆಂದುಕೊಂಡಳು. ಮೂರಕ್ಕೆ ಅಂಗಡಿಗೆ ಬಂದು ಉಡುಪು ಕಳಚಿ, ಹಿಂದೆಯೇ ಬಂದ ಗಂಡನ ಕೈಯಿಂದ ಕ್ಯಾಮೆರಾ ಕಿತ್ತುಕೊಂಡಳು.

ಅದೇ ಗೋಡೆ, ಅದೇ ಬಾಗಿಲು, ಅದೇ ಕೆಂಪು ಉಡುಪು. ಮುಖ ಮಾತ್ರ ಯಾರದೋ!

"ಅಯ್ಯೋ ನಿನ್ನ ಮನೆ ಹಾಳಾಗ! ಯಾವಳಯ್ಯಾ ಇವಳು?"

"ಚಳೀಗೆ ಕನ್ನಡಕ ಮಂಜಾಗಿತ್ತು ಕಣೇ. ನೀನೇ ಅಂದ್ಕೊಂಡು ಇವಳ ಹಿಂದೆ ಹೋದೆ."

"ಇವಳಿಗೆ ಮೂವತ್ತೂ ಆಗಿಲ್ಲ! ನಾನು ಅರವತ್ತರ ಮುದುಕಿ. ಅಷ್ಟೂ ಗೊತ್ತಾಗಲಿಲ್ವಾ?"

ಬಾವ್‌ಶಾನ್ ಚಿತ್ರವನ್ನು ಕಣ್ಣ ಹತ್ತಿರ ಹಿಡಿದು ನಿಜವಾಗಿಯೂ ಯೋಚಿಸಿದ. "ಇಲ್ಲ ಕಣೇ. ನನ್ನ ಕಣ್ಣಿಗೆ ನೀನು ದಿನಾ ಕಾಣೋದು ಹೀಗೇ ಅಲ್ವಾ?"

ಅಂಗಡಿಯಲ್ಲಿದ್ದ ರಾಣಿಯರೆಲ್ಲ ಬಿದ್ದು ಬಿದ್ದು ನಕ್ಕರು. ಬಸ್ಸು ತುಂಬ ಜನರನ್ನು ಗದರಿಸಿದ್ದವಳು ಕಿವಿಯವರೆಗೂ ಕೆಂಪಾದಳು. ಸಿಟ್ಟು ಎಲ್ಲಿ ಇಳಿದುಹೋಯಿತೋ! ಅಂಗಡಿಯವಳು ಕಣ್ಣೊರೆಸಿಕೊಳ್ಳುತ್ತ ಕಿರೀಟವನ್ನು ಮತ್ತೆ ಅವಳ ತಲೆಗಿಟ್ಟಳು. "ಒಂದು ಫೋಟೋ ಹೊಡೆಸ್ಕೊಂಡು ಬನ್ನಿ ಅಕ್ಕಾ. ಬಾಡಿಗೆ ಬೇಡ."

ಲ್ವಾನಕ್ಕ ಹೊರಗೆ ಕಂದಕದ ದಡದಲ್ಲಿ, ಅರಮನೆಗೆ ಬೆನ್ನುಮಾಡಿ ನಿಂತಳು. ಬಾವ್‌ಶಾನ್ ಉದ್ದ ಲೆನ್ಸನ್ನು ಕಳಚಿ ಚೀಲಕ್ಕೆ ಹಾಕಿದ. ಕನ್ನಡಕ ಒರೆಸಿ, ಇನ್ನು ತಪ್ಪುವುದು ಸಾಧ್ಯವೇ ಇಲ್ಲ ಎನ್ನುವಷ್ಟು ಹತ್ತಿರ ಬಂದು ಹೊಡೆದ.

ಆ ಫೋಟೋ ಈಗ ಅವರ ಗೋಡೆಯ ಮೇಲಿದೆ. ಚೌಕಟ್ಟಿನ ತುಂಬ ಬರೀ ಅವಳ ಮುಖ, ಎಲ್ಲ ಹಲ್ಲೂ ಕಾಣುವ ನಗು.

"ಅರಮನೆ ಎಲ್ಲಿ ಲ್ವಾನಕ್ಕಾ?" ಎನ್ನುತ್ತಾರೆ ಓಣಿಯವರು.

"ಯಾರಿಗೆ ಬೇಕು ಬಿಡ್ರೇ," ಎನ್ನುತ್ತಾಳೆ ಅವಳು. "ನಾನು ಹೇಗೆ ಕಾಣ್ತೀನಿ, ಅದನ್ನ ಹೇಳಿ!"