ಪರದೆ ಹೇಳಿದ ೪೮೬

ಎದುರಾಳಿಗೆ ಉಸಿರಾಡಲು ಬಿಡಬಾರದು ಎಂಬುದು ಕಾಲೇಜಿನ ಚರ್ಚಾಸ್ಪರ್ಧೆಗಳು ನನಗೆ ಕಲಿಸಿದ್ದ ಪಾಠ. ಶಿಕಾರಿಪುರದ ಕಂಪ್ಯೂಟರ್ ಅಂಗಡಿಯವನಿಗೂ ಬಿಡಲಿಲ್ಲ.

ಸೊರಬದಲ್ಲಿ ಟೈಪಿಂಗ್ ಶಾಲೆ ನಡೆಸುತ್ತಿದ್ದ ಚಿಕ್ಕಪ್ಪ ನನ್ನ ಮಾತು ನಂಬಿ ಅವನಲ್ಲಿ ಕಂಪ್ಯೂಟರ್ ಕೊಂಡಿದ್ದರು. ಆಗಷ್ಟೇ ಬಂದಿದ್ದ ೫೮೬ ಪ್ರೊಸೆಸರ್. ಶಾಲೆಯ ನಾಮಫಲಕದ ಮೇಲೂ ಹಾಗೇ ಬರೆಸಿದರು. ಆದರೆ ಸ್ವಿಚ್ ಹಾಕಿದಾಗಲೆಲ್ಲ ಪರದೆಯ ಮೇಲೆ ೪೮೬ ಎಂದೇ ಬರುತ್ತಿತ್ತು. ಕಲಿಯಲು ಬಂದವರು ಮುಸಿಮುಸಿ ನಗುತ್ತಿದ್ದರು.

“ಎಂತ ಮಾರಾಯ್ತಿ, ಹಳೇದು ಕೊಟ್ಟುಬಿಟ್ನಾ?” ಎಂದರು ಚಿಕ್ಕಪ್ಪ.

ಮೈಯೆಲ್ಲ ಉರಿಯಿತು. ಮರುದಿನವೇ ಬಸ್ಸು ಹತ್ತಿದೆ. ಅಂಗಡಿಯಲ್ಲಿ ಅಡಿಕೆ ಮಂಡಿಯ ವರ್ತಕರಿಬ್ಬರು ಕಂಪ್ಯೂಟರ್ ಕೊಳ್ಳಲು ಬಂದು ಕೂತಿದ್ದರು. ಅವರೆದುರೇ ಶುರುಮಾಡಿದೆ.

“ಕೇಳ್ರಿ ತಂಗಿ,” ಎಂದ ಅಂಗಡಿಯವನು. “ಡಬ್ಬದೊಳಗಿನ ಬೋರ್ಡು ಈ ಪ್ರೊಸೆಸರ್ ಚಿಪ್ಪಿಗಿಂತ ಹಳೇದು. ಹೊಸದರ ಗುರುತು ಅದಕ್ಕಿಲ್ಲ, ಗೊತ್ತಿರೋ ಹೆಸರು ಹೇಳ್ತೈತಿ. ಮ್ಯಾಲೆ ಕೂತಿರೋ ಸಣ್ಣ ಫ್ಯಾನ್ ಎತ್ತಿ ಚಿಪ್ಪಿನ ಮ್ಯಾಲೆ ಬರೆದಿದ್ದು ಓದ್ರಿ.”

“ಒಳಗೇನಿದೆ ಅಂತ ಯಂತ್ರಕ್ಕೇ ಗೊತ್ತಿಲ್ಲ, ನಿಮಗೆ ಗೊತ್ತು. ಅಲ್ವೇನ್ರೀ?” ಎಂದೆ. “ಇದು ಅಂಗಡಿ ಅಲ್ಲ, ಸುಳ್ಳಿನ ಮಂಡಿ.”

ವರ್ತಕರು ನಕ್ಕು ಎದ್ದು ಹೋದರು. ಗೆದ್ದೆ ಅಂದುಕೊಂಡೆ.

ಫ್ಯಾನ್ ಎತ್ತುವಂತಿರಲಿಲ್ಲ. ಆಯುಧಪೂಜೆಯ ದಿನ ಚಿಕ್ಕಪ್ಪ ಕಂಪ್ಯೂಟರಿನ ಡಬ್ಬ ಬಿಚ್ಚಿಸಿ ಆ ಫ್ಯಾನಿಗೆ ವಿಭೂತಿ ಬಳಿದಿದ್ದರು. ಲಾರಿಯಲ್ಲೂ ಪೂಜೆ ಎಂಜಿನ್ನಿಗೇ ತಾನೆ ಎಂಬುದು ಅವರ ವಾದ. ಮುಂದಿನ ಪೂಜೆಯವರೆಗೆ ಯಾರೂ ಮುಟ್ಟಬಾರದು. ವಿಭೂತಿ ಕಂಡರೆ ಗೇಲಿ ಮಾಡುವ ನಾನು ಈ ಒಂದಕ್ಕೆ ಮಾತ್ರ ತಕರಾರು ತೆಗೆದಿರಲಿಲ್ಲ. ಪರದೆಯೇ ಸಾಕ್ಷಿ ನುಡಿಯುವಾಗ ಬಿಚ್ಚಿ ನೋಡುವುದೇನು?

ಗ್ರಾಹಕರ ವೇದಿಕೆಗೆ ದೂರು ಬರೆಯಲು ಕೂತಾಗ ಚಿಪ್ಪಿನ ನಂಬರು ಬೇಕಾಯಿತು. ಚಿಕ್ಕಪ್ಪ ಊಟಕ್ಕೆ ಹೋದಾಗ ಫ್ಯಾನ್ ಎತ್ತಿದೆ. ವಿಭೂತಿ ಕೈಗೆ ಉದುರಿತು. ಕೆಳಗೆ ಚಿಪ್ಪಿನ ಮೇಲೆ ಸ್ಪಷ್ಟವಾಗಿ ೫೮೬.

ಚಿಕ್ಕಪ್ಪ ಬಂದು ನೋಡಿದರು. ವಿಭೂತಿಯ ಮಾತು ಎತ್ತಲಿಲ್ಲ. “ಬೈದದ್ದು ನಾಲ್ಕು ಜನರೆದುರು ತಾನೆ? ತಪ್ಪಾಯ್ತು ಅಂತ್ಲೂ ಅಲ್ಲೇ ಹೇಳು.”

ಶಿಕಾರಿಪುರದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹಲ್ಲು ಕಡಿಯುತ್ತ ಕೂತೆ. ಅವತ್ತು ಆ ಅಂಗಡಿಯವನಾದರೂ ಒಂದಿಷ್ಟು ಕೂಗಾಡಬಾರದಿತ್ತೇ? ಅಂಗಡಿ ಹೊಕ್ಕು ತಪ್ಪಾಯ್ತು ಎಂದೆ.

“ನನಗ್ಯಾಕೆ ಹೇಳ್ತೀರಿ ತಂಗಿ?” ಎಂದ ಅಂಗಡಿಯವನು, ತಲೆ ಎತ್ತದೆ. “ನನಗೆ ಮೊದಲೇ ಗೊತ್ತಿತ್ತು. ಆ ಮಂಡಿಯವ್ರು ಬ್ಯಾರೆ ಕಡೆ ತಗೊಂಡ್ರು.”

ಆ ವರ್ತಕರ ಮಂಡಿ ಹುಡುಕಿಕೊಂಡು ಹೋದೆ. ಚಿಪ್ಪು, ಬೋರ್ಡು, ನನ್ನ ತಪ್ಪು, ಎಲ್ಲವನ್ನೂ ಒಂದೂ ಬಿಡದೆ ವಿವರಿಸಿದೆ. ಇಬ್ಬರೂ ಸಮಾಧಾನದಿಂದ ಕೇಳಿದರು.

“ಯಾವ ಅಂಗಡಿದು ಈ ಮಾತು?” ಎಂದರು ಒಬ್ಬರು.

“ಅದೇರೀ,” ಎಂದರು ಇನ್ನೊಬ್ಬರು, “ಸುಳ್ಳಿನ ಮಂಡಿ.”